ಕಚೇರಿ ಒಂದೂವರೆಗೇ ಮುಗಿಯುತ್ತದೆ, ಆಮೇಲಿನ ಮಧ್ಯಾಹ್ನ ಎಲ್ಲಿ ಹೋಗುತ್ತದೆ?

ಬಿಸಿಲೂರು (ರಾಯಚೂರು)

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ಸರ್ಕಾರ ಕೊಡುವ ಮರ್ಯಾದೆ ಅದು. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಮ್ಮನಿಗೆ ಇದನ್ನು ಕೇಳಿದರೆ ಹೊಟ್ಟೆಕಿಚ್ಚು. “ಅರ್ಧ ದಿನ ಉಳಿಯಿತಲ್ಲಣ್ಣ ನಿನಗೆ” ಎನ್ನುತ್ತಾನೆ. ಉಳಿಯುವುದಿಲ್ಲ ಎಂಬುದೇ ನನ್ನ ತಕರಾರು.

ಎರಡು ಗಂಟೆಗೆ ಊಟಕ್ಕೆ ಕುಳಿತರೆ ತಟ್ಟೆಯ ಪಕ್ಕದಲ್ಲಿ ಮೊಬೈಲ್. ಪಲ್ಯ ಯಾವುದಿತ್ತು ಎಂದು ಸಂಜೆ ಕೇಳಿದರೆ ಹೇಳಲಾರೆ. ಊಟವಾದ ಮೇಲೆ ಕೂಲರ್ ಹಚ್ಚಿ ಮನೆಮಂದಿಯೆಲ್ಲ ಒಂದೊಂದು ಮೂಲೆ ಹಿಡಿಯುತ್ತೇವೆ. ಐದು ಗಂಟೆಗೆ ಬಿಸಿಲು ಇಳಿಯುವ ಹೊತ್ತಿಗೆ ಮೂರು ತಾಸು ಖರ್ಚಾಗಿರುತ್ತದೆ, ದಣಿವು ಆರಿದ ಲಕ್ಷಣ ಮಾತ್ರ ಮೈಯಲ್ಲಿ ಕಾಣುವುದಿಲ್ಲ. ನನ್ನ ತಂದೆ ಇದೇ ಊರಿನ ಹತ್ತಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರಿಗೂ ಇಷ್ಟೇ ಬಿಡುವು, ಇಷ್ಟೇ ಬಿಸಿಲು. ಪಡಸಾಲೆಯ ಶಹಾಬಾದ್ ಕಲ್ಲಿಗೆ ನೀರು ಚಿಮುಕಿಸಿ ಬರಿಮೈಯಲ್ಲಿ ಮಲಗುತ್ತಿದ್ದರು. ನಿದ್ದೆ ಬಾರದಿದ್ದರೆ ಜಂತಿ ಎಣಿಸುತ್ತಿದ್ದರೋ ಏನೋ, ಎದ್ದಾಗ ಮಾತ್ರ ಆ ಮನುಷ್ಯ ಹಗುರಾಗಿರುತ್ತಿದ್ದರು.

“ಮೊಬೈಲ್ ಬದಿಗಿಡಿ” ಎಂಬ ಉಪದೇಶ ದಯವಿಟ್ಟು ಬೇಡ, ಅದು ಎಲ್ಲರಿಗೂ ಬಾಯಿಪಾಠವಾಗಿದೆ. ಕುಳಿತ ಜಾಗದಲ್ಲಿ, ಹಿಡಿದ ಕೆಲಸದಲ್ಲಿ ಪೂರ್ತಿ ಇರುವವರು ಹೇಗೆ ಇರುತ್ತಾರೆ? ಅದಕ್ಕೆ ಬದುಕನ್ನೇ ನಿಧಾನ ಮಾಡಬೇಕೆ? ಈ ಭಾಗದವರು ತಮ್ಮ ತಮ್ಮ ಅನುಭವದಿಂದ ಹೇಳಿದರೆ ಒಳ್ಳೆಯದು.

ಕೋಟೆ ಕೆಳಗಿನವ (ಬಳ್ಳಾರಿ)

ಮಲಗಿಬಿಡಿ ಸರ್. ಅಷ್ಟಕ್ಕೆ ಇಷ್ಟುದ್ದ ಬರೆಯಬೇಕೆ?

ಬಿಸಿಲೂರು (ರಾಯಚೂರು)

ಮಲಗಬೇಕಾದರೂ ಕೈಯಲ್ಲಿರುವುದನ್ನು ಕೆಳಗಿಡಬೇಕಲ್ಲ ತಮ್ಮಾ.

ಕೊನೆ ಭಾಗದ ರೈತ (ಮಾನ್ವಿ ತಾಲೂಕು)

ಸರ್, ನಿಧಾನ ಎಂಬುದು ನಮಗೆ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದವಿದೆ. ಮೇಲಿನವರೆಲ್ಲ ಗದ್ದೆ ತುಂಬಿಸಿಕೊಂಡ ಮೇಲೆ ಉಳಿದ ನೀರು ನಮ್ಮ ಕಡೆಗೆ ಬರಬೇಕು. ಬರುವಷ್ಟರಲ್ಲಿ ಎಷ್ಟೋ ಸಲ ಸರದಿಯೇ ಮುಗಿದಿರುತ್ತದೆ. ಕಾಯುವುದನ್ನು ಧ್ಯಾನ ಎನ್ನುವುದಾದರೆ ಕೊನೆ ಭಾಗದ ರೈತರೆಲ್ಲ ಇಷ್ಟು ಹೊತ್ತಿಗೆ ಋಷಿಗಳಾಗಬೇಕಿತ್ತು.

ಆದರೆ ಕಾಯುವ ರೀತಿ ಬದಲಾಗಿದೆ ಎಂಬುದು ನಿಜ. ಮೊದಲು ರಾತ್ರಿ ಸರದಿಗೆ ಕಂಬಳಿ ಹೊದ್ದು ತೂಬಿನ ಹತ್ತಿರ ಕೂರುತ್ತಿದ್ದೆವು. ನೀರು ಬರುವ ಮುಂಚೆ ಒಣ ಹೂಳು ನೆನೆಯುವ ವಾಸನೆ ಬರುತ್ತದೆ, ಆಮೇಲೆ ಕಸಕಡ್ಡಿ ತಳ್ಳಿಕೊಂಡು ಬರುವ ಮೊದಲ ನೀರಿನ ಸಣ್ಣ ಸದ್ದು. ಅದನ್ನು ಕೇಳಿಸಿಕೊಂಡೇ ಗುದ್ದಲಿ ಹಿಡಿದು ಏಳುತ್ತಿದ್ದೆವು. ಪಕ್ಕದ ಹೊಲದವನ ಜೊತೆ ಜಗಳವೂ ಆಗುತ್ತಿತ್ತು, ಬೀಡಿ ಹಂಚಿಕೊಳ್ಳುವುದೂ ಆಗುತ್ತಿತ್ತು. ಈಗ ಎಲ್ಲರೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಕಾಲುವೆಯ 69ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಎಂದು ನೋಡುತ್ತಾ ಕೂರುತ್ತಾರೆ. ಸುದ್ದಿ ಬೇಗ ಸಿಗುತ್ತದೆ, ಒಪ್ಪಿದೆ. ನೀರೇನೂ ಅದಕ್ಕಾಗಿ ಬೇಗ ಬರುವುದಿಲ್ಲ.

ಇನ್ನೊಂದು ಮಾತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ತಡೆಗೋಡೆಯ ಹಲಗೆಗಳನ್ನು ಕೂರಿಸುವವರೆಗೆ ಸುಮಾರು ಒಂದು ವಾರ ನಾಲ್ಕೈದು ಜಿಲ್ಲೆಯ ರೈತರ ಮನಸ್ಸು ಒಂದೇ ಕಡೆ ಇತ್ತು. ಒಂದು ಕ್ಷಣವೂ ಆಚೀಚೆ ಹೋಗಲಿಲ್ಲ. ಅಂಥ ಏಕಾಗ್ರತೆ ಯಾವ ಶತ್ರುವಿಗೂ ಬೇಡ. ಆದ್ದರಿಂದ “ಮನಸ್ಸು ಒಂದೇ ಕಡೆ ಇದ್ದರೆ ಸುಖ” ಎಂದು ಯಾರಾದರೂ ಹೇಳಿದರೆ ನಾನು ತಲೆಯಾಡಿಸುವುದಿಲ್ಲ. ಯಾವ ಕಡೆ ಎಂದು ಮೊದಲು ಕೇಳುತ್ತೇನೆ.

ಪಾಠದ ಮೇಡಂ (ಗಂಗಾವತಿ)

ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುವವಳು. ಬಿಸಿಲೂರು ಅವರು ಕೇಳಿದ್ದಕ್ಕೆ ಹತ್ತಿರದ ಒಂದು ಅಧ್ಯಯನವಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು. 2,250 ಜನರಿಗೆ ದಿನದ ಯಾವುದೋ ಹೊತ್ತಿನಲ್ಲಿ ಫೋನ್ ಮೂಲಕ ಮೂರು ಮಾತು ಕೇಳಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರ ಮೇಲೇ ಇದೆಯೇ, ಈಗ ಹೇಗನ್ನಿಸುತ್ತಿದೆ. ಹೆಚ್ಚುಕಡಿಮೆ 47 ಪ್ರತಿಶತ ಸಲ ಮನಸ್ಸು ಬೇರೆಲ್ಲೋ ಇತ್ತು. ಬೇರೆಲ್ಲೋ ಇದ್ದಾಗ ಜನರ ನೆಮ್ಮದಿ ಕಡಿಮೆ ಇತ್ತು. ಮನಸ್ಸು ಒಳ್ಳೆಯ ವಿಚಾರಕ್ಕೇ ಹೋಗಿದ್ದರೂ, ಕೈಯಲ್ಲಿರುವ ಕೆಲಸದಲ್ಲಿ ಇದ್ದವರಿಗಿಂತ ಹೆಚ್ಚಿನ ಸುಖವೇನೂ ಸಿಗಲಿಲ್ಲ ಎಂಬುದು ನನಗೆ ಅದರಲ್ಲಿ ಆಶ್ಚರ್ಯದ ಭಾಗ.

ಇದನ್ನು ಅಭ್ಯಾಸವಾಗಿ ಕಲಿಸಲು ಹೊರಟವರಲ್ಲಿ ಜಾನ್ ಕಬಟ್-ಜಿನ್ ಮುಖ್ಯರು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಕೆಲವು ವಾರಗಳ ತರಗತಿ ಶುರು ಮಾಡಿದರು. ಬಂದವರಲ್ಲಿ ಬಹಳ ಮಂದಿ ಔಷಧಿಗೆ ಬಗ್ಗದ ನೋವಿನವರು. ಅಲ್ಲಿಯ ಹೆಸರಾದ ಅಭ್ಯಾಸವೆಂದರೆ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಾಲಿಗೆಯ ಮೇಲಿಟ್ಟು, ನಿಧಾನವಾಗಿ ಅಗಿದು ತಿನ್ನುವುದು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಸುಲಿದ ಶೇಂಗಾದಿಂದ ಮಾಡಿಸುತ್ತೇನೆ. ಮೊದಲು ನಗುತ್ತಾರೆ. ಹಿಡಿ ಹಿಡಿಯಾಗಿ ಬಾಯಿಗೆ ತುಂಬಿಕೊಂಡು ಬೆಳೆದ ಕಾಳಿನ ಒಳಗೆ ಆ ಸಣ್ಣ ಮೊಳಕೆಯ ಭಾಗ ಸ್ವಲ್ಪ ಕಹಿಯಿರುತ್ತದೆ ಎಂದು ಒಬ್ಬ ಹುಡುಗ ಆ ದಿನವೇ ಕಂಡುಕೊಂಡ.

ಸೂಜಿದಾರ (ಬಳ್ಳಾರಿ)

ಮೇಡಂ, ನಿಮ್ಮ ಮೇಲೆ ಸಿಟ್ಟಿಲ್ಲ, ಲೆಕ್ಕದ ಮೇಲೆ ಇದೆ. ಆ ಅಧ್ಯಯನದ ಫೋನ್ ಯಾವುದು ಎಂದು ಹುಡುಕಿ ನೋಡಿದೆ. ಐಫೋನ್. 2010ರಲ್ಲಿ ಐಫೋನ್ ಇಟ್ಟುಕೊಂಡವರ ಮನಸ್ಸು ಎಲ್ಲಿತ್ತು ಎಂದು ತಿಳಿದರೆ, ಸಿಂಧನೂರಿನಲ್ಲಿ ಸಸಿ ನಾಟಿ ಮಾಡುವ ಹೆಂಗಸಿನ ಮನಸ್ಸು ಎಲ್ಲಿತ್ತು ಎಂದು ತಿಳಿದಂತಾಯಿತೇ?

ನಾನು ಜೀನ್ಸ್ ಹೊಲಿಯುವವನು. ನಮ್ಮೂರಲ್ಲಿ ಒಂದು ಪ್ಯಾಂಟನ್ನು ಒಬ್ಬನೇ ಹೊಲಿಯುವುದಿಲ್ಲ. ಒಬ್ಬ ಜೇಬು, ಒಬ್ಬ ಜಿಪ್, ಒಬ್ಬ ಬೆಲ್ಟ್. ಕೂಲಿ ಪೀಸಿನ ಲೆಕ್ಕದಲ್ಲಿ. ನಿಧಾನ ಮಾಡಿದರೆ ವಾರದ ಬಟವಾಡೆಯಲ್ಲಿ ತೋರಿಬಿಡುತ್ತದೆ. “ನಿಧಾನವಾಗಿ ಬದುಕಿ” ಎಂಬ ಮಾತು ಸಂಬಳ ಬರುವವರ ಮಾತು.

ಆದರೆ ಒಂದು ವಿಷಯ ಹೇಳುತ್ತೇನೆ, ಯಾರೂ ನನ್ನನ್ನು ಕೇಳದಿದ್ದರೂ. ಹೊಲಿಗೆ ಓಡುವಾಗ ನಾನು ಅಲ್ಲೇ ಇರುತ್ತೇನೆ. ಇರಲೇಬೇಕು. ಎರಡು ಹೊಲಿಗೆ ಕೂಡುವ ಜಾಗದಲ್ಲಿ ಬಟ್ಟೆ ನಾಲ್ಕಾರು ಪದರ ದಪ್ಪವಾಗುತ್ತದೆ. ಅದೇ ವೇಗದಲ್ಲಿ ನುಗ್ಗಿಸಿದರೆ ಸೂಜಿ ಮುರಿದು ತುಂಡು ಎಲ್ಲಿಗೆ ಹಾರುತ್ತದೆಯೋ ಹೇಳಲಾಗದು. ಆ ದಪ್ಪ ಹತ್ತಿರ ಬರುವಾಗ ಪೆಡಲ್ ಮೇಲಿನ ಕಾಲು ತಾನಾಗಿ ಹಗುರವಾಗುತ್ತದೆ, ದಾಟಿದ ಕೂಡಲೇ ಮತ್ತೆ ಒತ್ತುತ್ತದೆ. ಕಣ್ಣಿಗಿಂತ ಮುಂಚೆ ಬೆರಳಿಗೆ ಗೊತ್ತಾಗುತ್ತದೆ. ಮೋಟರಿನ ಸದ್ದು ಸ್ವಲ್ಪ ಬದಲಾದರೂ ದಾರ ಬಿಗಿಯಾಗಿದೆ ಎಂದು ತಿಳಿಯುತ್ತದೆ. ಇದಕ್ಕೂ ನಿಧಾನಕ್ಕೂ ಏನು ಸಂಬಂಧ? ನಾನು ಅತಿ ವೇಗವಾಗಿ ಕೆಲಸ ಮಾಡುವಾಗಲೇ ಅತಿ ಹೆಚ್ಚು ಎಚ್ಚರದಲ್ಲಿರುತ್ತೇನೆ. ಭಾನುವಾರ ಸುಮ್ಮನೆ ಕುಳಿತಾಗ ಇರುವುದಿಲ್ಲ.

ಬಿಸಿಲೂರು (ರಾಯಚೂರು)

ಸೂಜಿದಾರ ಅವರೇ, ನನ್ನ ಪ್ರಶ್ನೆಯನ್ನೇ ನೀವು ತಿರುವಿ ಹಾಕಿದಿರಿ. ಬಿಡುವು ಇದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂಬ ಲೆಕ್ಕದಲ್ಲಿ ನಾನಿದ್ದೆ. ನಮ್ಮ ಕಚೇರಿಯಲ್ಲಿ ಪಹಣಿ ತಿದ್ದುಪಡಿಯ ಕಡತ ನೋಡುವಾಗಲೂ ಹೀಗೇ: ಸರ್ವೆ ನಂಬರ್ ಒಂದಂಕಿ ತಪ್ಪಿದರೆ ಒಬ್ಬರ ಹೊಲ ಇನ್ನೊಬ್ಬರಿಗೆ ಹೋಗುತ್ತದೆ, ಆದ್ದರಿಂದ ಆಗ ಬೇರೇನೂ ನೆನಪಾಗುವುದಿಲ್ಲ. ಮನೆಯ ಊಟದಲ್ಲಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ, ಅಲ್ಲೇ ಮನಸ್ಸು ಕೈಕೊಡುತ್ತದೆ.

ರೊಟ್ಟಿ ಮನೆ (ಕೊಪ್ಪಳ)

ಅಣ್ಣಾವರೇ, ನಷ್ಟವಿಲ್ಲ ಎಂದವರು ಯಾರು? ಬಡಿಸಿದವರನ್ನು ಒಮ್ಮೆ ಕೇಳಿ.

ನಾನು ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತೇನೆ. ಜಾತ್ರೆ ಹತ್ತಿರ ಬಂದರೆ ಕೈಗೆ ಪುರುಸೊತ್ತಿಲ್ಲ. ಗವಿಮಠದ ಜಾತ್ರೆಗೆ ಸುತ್ತಲಿನ ಊರೂರುಗಳಿಂದ ರೊಟ್ಟಿ ಹೊತ್ತು ತಂದು ದಾಸೋಹಕ್ಕೆ ಕೊಡುವುದನ್ನು ನೀವೆಲ್ಲ ನೋಡಿದ್ದೀರಿ, ಅದರಲ್ಲಿ ನಮ್ಮ ಓಣಿಯವರದೂ ಇರುತ್ತದೆ.

ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಹಿಡಿದಿಡುವ ಗುಣವಿಲ್ಲ. ಎಸರು ಚೆನ್ನಾಗಿ ಕುದಿಯಬೇಕು. ಕುದಿಯುವ ನೀರು ಬಿದ್ದಾಗಲೇ ಹಿಟ್ಟಿಗೆ ಜಿಗಿ ಬರುವುದು. ನಾದುವುದು ಕಡಿಮೆಯಾದರೆ ಅಂಚು ಬಿರಿಯುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಾದರೆ ಎಷ್ಟು ನಾದಿದರೂ ಹರಿಯುತ್ತದೆ. ಹೊಸ ಹಿಟ್ಟೋ ಹಳೆಯದೋ ಎಂದು ಅಂಗೈ ಇಟ್ಟ ಕೂಡಲೇ ತಿಳಿಯುತ್ತದೆ. ಬಡಿಯುವಾಗ ಸದ್ದು ಮೊದಲು ಗಟ್ಟಿ, ರೊಟ್ಟಿ ತೆಳ್ಳಗಾದಂತೆ ಸಣ್ಣದಾಗುತ್ತದೆ. ಆ ಸದ್ದು ಕೇಳಿ ನಿಲ್ಲಿಸಬೇಕು. ಹಂಚಿನ ಮೇಲೆ ಹಾಕಿ ನೀರು ಸವರಿ, ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು. ಬೇಗ ತಿರುವಿದರೆ ಅಂಟುತ್ತದೆ, ತಡವಾದರೆ ಬಿರುಕು ಬಿಡುತ್ತದೆ.

ಇದನ್ನೆಲ್ಲ ಓದಿ ನಾನು ದೊಡ್ಡ ತಪಸ್ವಿನಿ ಎಂದುಕೊಳ್ಳಬೇಡಿ. ಇಷ್ಟೆಲ್ಲ ಮಾಡುವಾಗ ಎದುರಿನ ಗೂಡಿನಲ್ಲಿ ಮೊಬೈಲ್‌ನಲ್ಲಿ ಧಾರಾವಾಹಿ ಓಡುತ್ತಿರುತ್ತದೆ! ಅತ್ತೆ ಸೊಸೆಗೆ ವಿಷ ಹಾಕುತ್ತಿದ್ದಾಳೆ, ನನ್ನ ರೊಟ್ಟಿ ಗುಂಡಗೇ ಬರುತ್ತದೆ. ಇದಕ್ಕೆ ಮೇಡಂ ಅವರ ಪುಸ್ತಕದಲ್ಲಿ ಏನು ಹೇಳಿದೆ?

ಪಾಠದ ಮೇಡಂ (ಗಂಗಾವತಿ)

ಅಕ್ಕಾ, ಸಿಕ್ಕಿಹಾಕಿಸಿದಿರಿ. ವರ್ಷಗಟ್ಟಲೆ ಮಾಡಿದ ಕೆಲಸಕ್ಕೆ ಪ್ರತಿ ಹೆಜ್ಜೆಯಲ್ಲೂ ಯೋಚನೆ ಬೇಕಾಗುವುದಿಲ್ಲ, ಕೈಗಳೇ ನಡೆಸಿಕೊಂಡು ಹೋಗುತ್ತವೆ. ಆಗ ಕಿವಿಗೆ ಬಿಡುವು. ಆದರೆ ಒಂದು ಕೇಳುತ್ತೇನೆ: ಹಿಟ್ಟು ಹಳೆಯದು ಎಂದು ಅಂಗೈಗೆ ತಿಳಿದ ಕ್ಷಣ ಧಾರಾವಾಹಿಯ ಮಾತು ಕಿವಿಗೆ ಬೀಳುತ್ತದೆಯೇ?

ಸೂಜಿದಾರ ಅವರ ಐಫೋನ್ ಮಾತು ನ್ಯಾಯವಾದದ್ದೇ. ಇಂಥ ಅಧ್ಯಯನಗಳಲ್ಲಿ ಯಾರನ್ನು ಕೇಳಿದರು ಎಂಬುದನ್ನು ಬಿಟ್ಟು ಎಷ್ಟು ಬಂತು ಎಂಬುದನ್ನು ಮಾತ್ರ ಹೇಳುವ ಚಾಳಿ ನಮ್ಮ ಪಾಠಗಳಲ್ಲಿದೆ. ನಾಳೆಯ ತರಗತಿಯಲ್ಲಿ ಅದನ್ನೂ ಹೇಳುತ್ತೇನೆ.

ರೊಟ್ಟಿ ಮನೆ (ಕೊಪ್ಪಳ)

ಬೀಳುವುದಿಲ್ಲ. ಆಮೇಲೆ ಹಿಂದಕ್ಕೆ ಸರಿಸಿ ನೋಡುತ್ತೇನೆ.

ಗುರುಗುಂಟ ದಾರಿ (ಲಿಂಗಸುಗೂರು)

ಈ ಚರ್ಚೆಗೆ ಅಮೆರಿಕದ ತನಕ ಹೋದವರು ನಮ್ಮ ತಾಲೂಕಿನ ಅಮರೇಶ್ವರದ ಹತ್ತಿರ ಹಾದುಹೋಗಲಿಲ್ಲವಲ್ಲ ಎಂದು ಬೇಸರ. ಆಯ್ದಕ್ಕಿ ಮಾರಯ್ಯ ಅಲ್ಲಿಯವನು. 12ನೆಯ ಶತಮಾನದಲ್ಲಿ ಹೆಂಡತಿ ಲಕ್ಕಮ್ಮನೊಡನೆ ಕಲ್ಯಾಣಕ್ಕೆ ಹೋಗಿ, ಚೆಲ್ಲಿದ ಅಕ್ಕಿ ಆಯ್ದು ತಂದು ಅದರಲ್ಲೇ ದಾಸೋಹ ಮಾಡಿದವನು. ಕಾಯಕದಲ್ಲಿ ತೊಡಗಿದಾಗ ಗುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಎದುರಿಗೆ ನಿಂತರೂ ಅದರ ಹಂಗು ಹರಿಯಬೇಕು ಎಂದು ಅವನು ಹೇಳುತ್ತಾನೆ. ಶರಣರಿಗೆ ಆ ಮೂರಕ್ಕಿಂತ ದೊಡ್ಡದು ಇನ್ನೇನಿದೆ? ಆ ಮೂರನ್ನೇ ಬದಿಗೆ ಸರಿಸಿ ಅಕ್ಕಿಯ ಕಾಳನ್ನು ಮುಂದಿಟ್ಟ ಧೈರ್ಯ ನೋಡಿ. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಮಣ್ಣು ಕಲ್ಲಿನಿಂದ ಬೇರ್ಪಡಿಸಿ ಆಯುವ ಕೆಲಸ ಹೇಗಿರುತ್ತದೆಂದು ಯೋಚಿಸಿದರೆ, ಅದು ಕಟ್ಟೆಯ ಮೇಲೆ ಕುಳಿತು ಕಟ್ಟಿದ ಮಾತಲ್ಲ ಎಂದು ತಿಳಿಯುತ್ತದೆ.

ಸೂಜಿದಾರ (ಬಳ್ಳಾರಿ)

ಯಜಮಾನರೇ, ಆ ಮಾತಿನಲ್ಲೇ ಬರುವ ಒಂದು ತುಂಡು ಕಾಯಕವೇ ಕೈಲಾಸ. ಅದನ್ನು ನಾನು ಕೆಲಸ ಮಾಡಿದ ಒಂದು ಘಟಕದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದರು. ಅದರ ಕೆಳಗೇ ಕುಳಿತು ಹೆಚ್ಚುವರಿ ಹೊತ್ತು ದುಡಿದದ್ದಕ್ಕೆ ಕಾಸು ಬರಲಿಲ್ಲ. ಮಾರಯ್ಯ ಪುಣ್ಯಾತ್ಮ, ಅವನದೇನೂ ತಪ್ಪಿಲ್ಲ. ಬೋರ್ಡು ಬರೆಸುವವರು ಯಾವಾಗಲೂ ಗಂಡನ ಮಾತನ್ನು ಬರೆಸಿ ಹೆಂಡತಿಯ ಮಾತನ್ನು ಬಿಡುತ್ತಾರೆ.

ಒಂದು ದಿನ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಏನು ಮಾಡಿದಳು? ಈಸಕ್ಕಿಯಾಸೆ ನಿಮಗೇಕೆ ಎಂದು ಕೇಳಿ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ವಾಪಸು ಕಳಿಸಿದಳು. ನನ್ನ ಮಟ್ಟಿಗೆ ಇಡೀ ಚರ್ಚೆಯ ಉತ್ತರ ಆ ಹೆಂಗಸಿನ ಹತ್ತಿರವಿದೆ. ಮಾರಯ್ಯ ಕಾಳಿನ ಮೇಲೆ ಮನಸ್ಸಿಟ್ಟು ಆಯ್ದನಲ್ಲ, ಇವತ್ತಿಗೆ ಇಷ್ಟು ಎಂಬ ಗೆರೆ ಇದ್ದುದರಿಂದ ಇಡಲು ಸಾಧ್ಯವಾಯಿತು. ನನಗೆ ಪೀಸಿನ ಲೆಕ್ಕದಲ್ಲಿ ಗೆರೆ ಇಲ್ಲ, ಇನ್ನೂ ಹತ್ತು ಹೊಲಿ, ಇನ್ನೂ ಹತ್ತು ಹೊಲಿ. ಬಿಸಿಲೂರು ಸರ್ ಅವರ ಮೊಬೈಲಿನಲ್ಲೂ ಗೆರೆ ಇಲ್ಲ. ಬೆರಳು ಮೇಲಕ್ಕೆ ಸರಿಸಿದಷ್ಟೂ ಬರುತ್ತದೆ. ಪತ್ರಿಕೆಯಾದರೆ ಕೊನೆಯ ಪುಟ ಎಂಬುದೊಂದು ಇತ್ತು.

ಗುರುಗುಂಟ ದಾರಿ (ಲಿಂಗಸುಗೂರು)

ತಮ್ಮಾ, ಇಷ್ಟು ವರ್ಷ ಆ ಕಥೆಯನ್ನು ದುರಾಸೆಯ ಬಗ್ಗೆ ಎಂದೇ ಹೇಳುತ್ತಾ ಬಂದವನು ನಾನು. ಹೊತ್ತಿನ ಬಗ್ಗೆಯೂ ಹೌದು ಎಂದು ಹೊಳೆದಿರಲಿಲ್ಲ. ಮುಂದಿನ ಸಲ ಅಮರೇಶ್ವರದಲ್ಲಿ ಕಥೆ ಹೇಳುವಾಗ ನಿಮ್ಮ ಮಾತು ಸೇರಿಸುತ್ತೇನೆ, ಕೋರ್ಟಿಗೆ ಹೋಗಬೇಡಿ.

ನದಿಯಾಚೆ (ಆನೆಗೊಂದಿ ಕಡೆ)

ಇಲ್ಲಿ ಯಾರೂ ಹೇಳದ ಮಾತು ಹೇಳುತ್ತೇನೆ. ಈ ನಿಧಾನ ಈಗ ಮಾರಾಟದ ಸರಕು. ನಮ್ಮ ಕಡೆ ಹೊರಗಿನಿಂದ ಬರುವವರಿಗೆ ಗದ್ದೆ ನಡುವಿನ ತಂಗುದಾಣದಲ್ಲಿ “ಮೊಬೈಲ್ ಇಲ್ಲದ ಎರಡು ದಿನ” ಎಂದು ದುಡ್ಡು ತೆಗೆದುಕೊಂಡು ಬಂಡೆಯ ಮೇಲೆ ಕೂರಿಸುತ್ತಾರೆ. ಅದೇ ಬಂಡೆಯ ಮೇಲೆ ಕುರಿ ಕಾಯುವ ನಮ್ಮ ಹುಡುಗ ಕೂತರೆ ಸೋಮಾರಿ! ಹರಿಗೋಲಿನವನು ಒಂದು ಸಲಕ್ಕೆ ಎಷ್ಟು ಜನರನ್ನು ಕೂರಿಸಬಹುದು ಎಂದು ಲೆಕ್ಕ ಹಾಕುತ್ತಿರುತ್ತಾನೆ, ಕುಳಿತವರು ನದಿಯ ಶಾಂತಿಯ ಬಗ್ಗೆ ಮಾತಾಡುತ್ತಿರುತ್ತಾರೆ. ಒಂದೇ ಹರಿಗೋಲು, ಎರಡು ನದಿ.

ಕೋಟೆ ಕೆಳಗಿನವ (ಬಳ್ಳಾರಿ)

ನಾನು ಅದಕ್ಕೇ ಹೇಳಿದ್ದು, ಮಲಗಿ ಎಂದು. ಅದಿನ್ನೂ ಪುಕ್ಕಟೆ ಇದೆ.

ಮಣ್ಣಿನ ಒಲೆ (ದೇವದುರ್ಗ)

ಎಲ್ಲರ ಮಾತನ್ನೂ ಓದಿದೆ. ನನಗೆ ನಿಧಾನದ ಮೇಲೆ ಪ್ರೀತಿಯೇನೂ ಇಲ್ಲ. ಯಾಕೆಂದು ಹೇಳುತ್ತೇನೆ.

ನಮ್ಮ ಮಾವನವರಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದಿದೆ. ಊಟ ಮಾಡಿಸುವುದು ನನ್ನ ಪಾಲಿನ ಕೆಲಸ. ವೈದ್ಯರು ಹೇಳಿದ ಕ್ರಮವಿದೆ: ಮಲಗಿಸಿ ಉಣಿಸಬಾರದು, ನೆಟ್ಟಗೆ ಕೂರಿಸಬೇಕು. ಸಣ್ಣ ಚಮಚ. ಬಾಯಲ್ಲಿದ್ದದ್ದು ಪೂರ್ತಿ ನುಂಗಿದ ಮೇಲೆ ಇನ್ನೊಂದು. ತೀರ ತೆಳುವಾದದ್ದು ಶ್ವಾಸನಾಳಕ್ಕೆ ಹೋಗಬಹುದು ಎಂದು ಗಂಜಿಯನ್ನು ಸ್ವಲ್ಪ ಗಟ್ಟಿಯಾಗಿಯೇ ಕಾಯಿಸುತ್ತೇನೆ. ನುಂಗಿದರೋ ಇಲ್ಲವೋ ಎಂದು ಬಾಯಿ ನೋಡಿದರೆ ತಿಳಿಯದು, ಗಂಟಲ ಗುಂಡು ಮೇಲೆದ್ದು ಇಳಿಯುವುದನ್ನು ನೋಡಬೇಕು. ನುಂಗಿದ ಮೇಲೆ ಅವರು ಎಡಗಣ್ಣನ್ನು ಒಮ್ಮೆ ಮುಚ್ಚಿ ತೆಗೆಯುತ್ತಾರೆ. ಅದು ನಮ್ಮಿಬ್ಬರ ನಡುವೆ ತಾನಾಗಿ ಬಂದ ಸನ್ನೆ, ಯಾರೂ ಹೇಳಿಕೊಟ್ಟದ್ದಲ್ಲ. ಮದುವೆಯಾಗಿ ಬಂದಾಗಿನಿಂದ ಅವರು ನನ್ನ ಜೊತೆ ಇಷ್ಟು ಮಾತಾಡಿದ್ದೇ ಇಲ್ಲ. ಮೊದಲೆಲ್ಲ “ನೀರು ತಾರಮ್ಮ” ಎಂಬಷ್ಟೇ.

ಒಂದು ಬಟ್ಟಲು ಗಂಜಿಗೆ ತಾಸು ಹಿಡಿಯುತ್ತದೆ. ಆ ತಾಸಿನಲ್ಲಿ ನಾನು ಬೇರೆಲ್ಲೂ ಇರುವುದಿಲ್ಲ, ಇದ್ದರೆ ಕೆಮ್ಮು ಬಂದು ಇಬ್ಬರ ಜೀವವೂ ಹೋಗಿ ಬರುತ್ತದೆ. ದಿನಕ್ಕೆ ಮೂರು ಸಲ ಇದಾದ ಮೇಲೆ ನನಗೆ ಬೇಕಾಗಿರುವುದು ಒಣದ್ರಾಕ್ಷಿ ಅಲ್ಲ. ಹಿತ್ತಲ ಬಾಗಿಲಲ್ಲಿ ಕುಳಿತು, ಯಾರೋ ಎಲ್ಲೋ ಜಾರಿ ಬೀಳುವ ರೀಲ್ಸ್ ನೋಡಿ ನಗುತ್ತೇನೆ. ಆ ಹೊತ್ತು ಮನಸ್ಸು ಎಲ್ಲಿ ಬೇಕಾದರೂ ಹೋಗಲಿ. ದಿನವಿಡೀ ಎಚ್ಚರದಲ್ಲಿರಬೇಕು ಎಂದು ಹೇಳುವವರ ಮನೆಯಲ್ಲಿ ಎಚ್ಚರದ ಕೆಲಸವನ್ನು ಬೇರೆ ಯಾರೋ ಮಾಡುತ್ತಿರಬೇಕು ಎಂದೇ ನನ್ನ ಗುಮಾನಿ.

ರೊಟ್ಟಿ ಮನೆ (ಕೊಪ್ಪಳ)

ತಂಗೀ, ನೀನು ನಗು. ಯಾರೂ ಏನೂ ಅನ್ನುವುದಿಲ್ಲ.

ಪಾಠದ ಮೇಡಂ (ಗಂಗಾವತಿ)

ನಿಮ್ಮ ಬರಹವನ್ನು ತರಗತಿಯಲ್ಲಿ ಓದಬಹುದೇ? ಊರಿನ ಹೆಸರು ಹೇಳುವುದಿಲ್ಲ.

ಮಣ್ಣಿನ ಒಲೆ (ದೇವದುರ್ಗ)

ಓದಿ ಮೇಡಂ. ರೀಲ್ಸ್ ಭಾಗವನ್ನು ಬಿಡಬೇಡಿ.

ಬಯಲಾಟದ ಹಿಂದಿನ ಸಾಲು (ಬಳ್ಳಾರಿ ಗ್ರಾಮಾಂತರ)

ನಾವು ಹಳಬರು, ಹಿಂದಿನ ಕಾಲದಲ್ಲಿ ಎಲ್ಲರೂ ಎಲ್ಲದರಲ್ಲೂ ಮುಳುಗಿರುತ್ತಿದ್ದರು ಎಂದು ಈಗಿನವರು ಬರೆಯುವುದನ್ನು ಓದಿ ನಗು ಬರುತ್ತದೆ. ರಾತ್ರಿಯಿಡೀ ಬಯಲಾಟ ನಡೆಯುತ್ತಿತ್ತು. ಯಾರು ರಾತ್ರಿಯಿಡೀ ಕಣ್ಣು ಬಿಟ್ಟು ನೋಡಿದ್ದಾರೆ? ಚಾಪೆ ಹಾಸಿಕೊಂಡು ಮಕ್ಕಳು ಮಲಗುತ್ತಿದ್ದವು, ನಡುವೆ ಮಂಡಕ್ಕಿ ಮೆಣಸಿನಕಾಯಿ, ನಡುವೆ ಬೀಗರ ಜೊತೆ ಹೆಣ್ಣು ಗಂಡಿನ ಮಾತುಕತೆ. ಮದ್ದಳೆ ಜೋರಾದಾಗ ಪಕ್ಕದವರು ತಿವಿದು ಎಬ್ಬಿಸುತ್ತಿದ್ದರು: “ಏಳು, ರಾಕ್ಷಸ ಬಂದ.” ಎದ್ದು ನೋಡಿ, ಕೇಕೆ ಹಾಕಿ, ಮತ್ತೆ ಮಲಗುವುದು. ಬಿಟ್ಟೂ ಬಿಡದೆ ಗಮನ ಕೊಡಿ ಎಂದು ಯಾವ ಭಾಗವತನೂ ಕೇಳಲಿಲ್ಲ. ಆದರೂ ಯಾರು ಯಾವ ವೇಷ ಕಟ್ಟಿದ್ದರು ಎಂದು ನನಗೆ ಇವತ್ತಿಗೂ ನೆನಪಿದೆ. ಆಗ ಮನಸ್ಸು ಅಲೆದರೂ ಅದೇ ಬಯಲಿನೊಳಗೆ ಅಲೆಯುತ್ತಿತ್ತು. ಈಗ ಚೀನಾಕ್ಕೆ ಹೋಗಿ ಬರುತ್ತದೆ.

ಕರಿಹಲಗೆ (ಬಳ್ಳಾರಿ)

ಬಿಸಿಲೂರು ಅವರು ಹೇಗೆ ಎಂದು ಕೇಳಿದ್ದಕ್ಕೆ ಯಾರೂ ನೇರವಾಗಿ ಹೇಳಿಲ್ಲ, ಆದ್ದರಿಂದ ನಾನು ಮಕ್ಕಳ ಜೊತೆ ಮಾಡುವ ಒಂದು ಕೆಲಸ ಹೇಳುತ್ತೇನೆ. ನಮ್ಮ ಊರಿನ ಪಕ್ಕದಲ್ಲೇ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಿವೆ. ನವಶಿಲಾಯುಗದ ಜನ ಅಲ್ಲಿ ಕಪ್ಪು ಬಂಡೆಗಳ ಮೇಲೆ ಕುಟ್ಟಿ ಕುಟ್ಟಿ ಚಿತ್ರ ಮೂಡಿಸಿದ್ದಾರೆ. ಹೆಚ್ಚಿನವು ಗೂಳಿಗಳು, ಡುಬ್ಬ ಇರುವವು, ಉದ್ದ ಕೊಂಬಿನವು. ಕೆಲವು ಬಂಡೆಗಳಲ್ಲಿ ಬಡಿದು ಬಡಿದು ನುಣುಪಾದ ಗುಳಿಗಳಿವೆ. ಅಲ್ಲಿ ಕಲ್ಲು ತಾಗಿದರೆ ಗಂಟೆಯಂಥ ನಾದ ಬರುತ್ತದೆ ಎಂದು ಪುರಾತತ್ವದವರು ದಾಖಲಿಸಿದ್ದಾರೆ. (ಚಿತ್ರಗಳ ಮೇಲೆ ಬಡಿಯಬೇಡಿ, ಹೆಸರು ಕೊರೆಯಬೇಡಿ. ಈ ಮಾತು ಮಕ್ಕಳಿಗಿಂತ ದೊಡ್ಡವರಿಗೇ ಹೆಚ್ಚು ಹೇಳಬೇಕಾಗಿದೆ.)

ನಡು ಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಇಳಿಹೊತ್ತಿನಲ್ಲಿ ಬೆಳಕು ಓರೆಯಾಗಿ ಬಿದ್ದಾಗ ಗೂಳಿಗಳು ಮೇಲೇಳುತ್ತವೆ. ಮಕ್ಕಳಿಗೆ ನಾನಿಟ್ಟ ನಿಯಮ ಒಂದೇ: ಮೊದಲು ಪೆನ್ಸಿಲ್‌ನಿಂದ ಒಂದು ಗೂಳಿಯನ್ನು ಬರೆಯಬೇಕು, ಆಮೇಲೆ ಬೇಕಾದಷ್ಟು ಫೋಟೊ. ಬರೆಯಲು ಹೋದಾಗಲೇ ಜಗಳ ಶುರು. “ಇದಕ್ಕೆ ಎರಡೇ ಕಾಲು ಸರ್”, “ಇಲ್ಲ, ಹಿಂದಿನದು ಸವೆದಿದೆ”, “ಈ ಕೊಂಬು ಇನ್ನೊಂದು ಗೂಳಿಯದು, ಇದರ ಮೇಲೆ ಅದನ್ನು ಕುಟ್ಟಿದ್ದಾರೆ.” ಫೋಟೊ ತೆಗೆದವರಿಗೆ ಈ ಜಗಳ ಬರುವುದೇ ಇಲ್ಲ. ಚಿತ್ರ ಚೆನ್ನಾಗಿ ಬಂತೋ ಇಲ್ಲವೋ ನನಗೆ ಬೇಕಾಗಿಲ್ಲ, ನಮ್ಮ ಕೆಲವು ಗೂಳಿಗಳು ಹಂದಿಯ ಹಾಗೆಯೇ ಇವೆ. ಕೈಗೆ ಒಂದು ಸಣ್ಣ ಕೆಲಸ ಕೊಟ್ಟರೆ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ. “ಸುಮ್ಮನೆ ಕುಳಿತು ಗಮನಿಸಿ” ಎಂದು ಹೇಳಿದ್ದರೆ ಒಬ್ಬನೂ ಕೂರುತ್ತಿರಲಿಲ್ಲ, ನಾನೂ ಸೇರಿದಂತೆ.

ಬಿಸಿಲೂರು (ರಾಯಚೂರು)

ಕರಿಹಲಗೆ ಸರ್ ಹೇಳಿದ್ದನ್ನು ಮನೆಯಲ್ಲಿ ಓದಿ ಹೇಳಿದೆ. ನಮ್ಮ ಮನೆಯವರು ತಕ್ಷಣ, “ಕೈಗೆ ಕೆಲಸ ತಾನೇ ಬೇಕಾದದ್ದು? ಇಲ್ಲಿದೆ” ಎಂದು ವರ್ಷಕ್ಕಾಗುವ ಹುಣಸೆಹಣ್ಣಿನ ಬುಟ್ಟಿಯನ್ನು ಪಡಸಾಲೆಗೆ ತಂದಿಟ್ಟರು. ಸುಗ್ಗಿಯ ಹಣ್ಣು, ಇನ್ನೂ ಹಸನು ಮಾಡಿರಲಿಲ್ಲ. ಈಗ ಮಧ್ಯಾಹ್ನ ಮೂವರೂ ಕುಳಿತು ಕುಟ್ಟಿ, ನಾರು ಎಳೆದು, ಬೀಜ ಬಿಡಿಸುತ್ತಿದ್ದೇವೆ. ಅಂಟು ಕೈಯಲ್ಲಿ ಮೊಬೈಲ್ ಮುಟ್ಟಲು ಬರುವುದಿಲ್ಲ, ಇದು ಅವರ ಉಪಾಯವೋ ಹಣ್ಣಿನ ಗುಣವೋ ತಿಳಿಯದು. ಮಗ ಪಿಯುಸಿ ಓದುತ್ತಿದ್ದಾನೆ, ವಿಜ್ಞಾನ ಬೇಡ, ಐಟಿಐ ಸೇರುತ್ತೇನೆ ಎಂದು ನಿನ್ನೆ ಬೀಜ ಬಿಡಿಸುತ್ತಲೇ ಹೇಳಿದ. ಎದುರುಬದುರು ಕುಳಿತು ಕೇಳಿದ್ದರೆ ಹೇಳುತ್ತಿರಲಿಲ್ಲವೇನೋ. ನನಗೆ ಇನ್ನೂ ಒಪ್ಪಿಗೆಯಿಲ್ಲ, ವಾದ ಇವತ್ತೂ ಮುಂದುವರಿಯುತ್ತದೆ. ಬುಟ್ಟಿ ದೊಡ್ಡದಿದೆ.

ಸೂಜಿದಾರ (ಬಳ್ಳಾರಿ)

ಹುಡುಗ ಐಟಿಐ ಎಂದರೆ ಬಿಡಿ ಸರ್. ನಮ್ಮ ಮೆಷಿನ್ ಕೆಟ್ಟರೆ ರಿಪೇರಿಗೆ ಬರುವವನು ನನಗಿಂತ ಹೆಚ್ಚು ಗಳಿಸುತ್ತಾನೆ.

ಚಿತ್ರಗಾರ ಓಣಿ (ಕಿನ್ನಾಳ)

ಹುಣಸೆ ಬೀಜವನ್ನು ಎಸೆಯುತ್ತಿದ್ದೀರಾ? ಎಸೆಯಬೇಡಿ ಸರ್. ನಮ್ಮಲ್ಲಿ ಬೊಂಬೆ ಮಾಡುವವರಿಗೆ ಅದೇ ಮುಖ್ಯ ಅಂಟು. ಬೀಜ ನೆನೆಸಿ ಅರೆದು, ಮರದ ಪುಡಿ ಸೇರಿಸಿ ಕಿಟ್ಟ ಮಾಡುತ್ತಾರೆ. ಮರದ ತುಂಡುಗಳನ್ನು ಕೂಡಿಸುವುದೂ, ಬಿರುಕು ಮುಚ್ಚುವುದೂ ಅದರಲ್ಲೇ. ಆಮೇಲೆ ಅದರ ಮೇಲೆ ಬಣ್ಣ. ಹುರಿದು ತಿನ್ನಲು ಓಣಿಯ ಮಕ್ಕಳು ಕೇಳಿದರೆ ಸ್ವಲ್ಪ ಕೊಡಿ, ಉಳಿದದ್ದನ್ನು ಬಿಸಿಲಿಗೆ ಹಾಕಿ ಚೀಲದಲ್ಲಿ ಕಟ್ಟಿಡಿ. ತಿಂಗಳ ಕೊನೆಗೆ ರಾಯಚೂರಿಗೆ ಬರುವುದಿದೆ, ಒಂದೂವರೆಯ ಮೇಲೆ ಕಚೇರಿ ಹತ್ತಿರ ಬಂದು ತೆಗೆದುಕೊಂಡು ಹೋಗುತ್ತೇನೆ.